ನಕಲು ಮಾಡಿದ ಕೈಯ ಸ್ವಂತ ಮಾತು

1994ರಲ್ಲಿ ರಷ್ಯಾದ ‘ಅಕ್ತ್ಯಾಬರ್’ ಎಂಬ ಸಾಹಿತ್ಯ ಪತ್ರಿಕೆಯಲ್ಲಿ ಒಂದು ಕಾದಂಬರಿ ಅಚ್ಚಾಯಿತು. ಹೆಸರು ‘ಯಾರ ತಪ್ಪು?’. ಅದನ್ನು ಬರೆದದ್ದು 1892–93ರಲ್ಲಿ. ಬರೆದಾಕೆ ತೀರಿಕೊಂಡೇ ಎಪ್ಪತ್ತೈದು ವರ್ಷ ಕಳೆದಿತ್ತು. ನಡುವೆ ಜಾರ್ ದೊರೆಗಳ ಆಳ್ವಿಕೆ ಹೋಗಿ ಕ್ರಾಂತಿ ಬಂತು, ಸೋವಿಯತ್ ಒಕ್ಕೂಟ ಹುಟ್ಟಿ ಒಡೆದೂ ಹೋಯಿತು. ಹಸ್ತಪ್ರತಿ ಮಾತ್ರ ಇದ್ದಲ್ಲೇ ಇತ್ತು. ಬರೆದಾಕೆಯ ಹೆಸರು ಸೋಫಿಯಾ ಆಂದ್ರೆಯೆವ್ನಾ. ಲೋಕಕ್ಕೆ ಆಕೆ ಗೊತ್ತಿರುವುದು ಲಿಯೋ ಟಾಲ್‌ಸ್ಟಾಯ್‌ನ ಹೆಂಡತಿಯಾಗಿ, ಅದರಲ್ಲೂ ಜಗಳಗಂಟಿ ಹೆಂಡತಿಯಾಗಿ.

ದೊಡ್ಡ ಗಂಡಸರ ನೆರಳಿನಲ್ಲೇ ಉಳಿದುಹೋದ ಹೆಂಗಸರನ್ನು ಕುರಿತ ಐತಿಹಾಸಿಕ ಕಾದಂಬರಿಗಳು ಈಗ ಹಲವು ಭಾಷೆಗಳಲ್ಲಿ ಬರುತ್ತಿವೆ. ಐನ್‌ಸ್ಟೈನ್‌ನ ಮೊದಲ ಹೆಂಡತಿ, ಹೆಮಿಂಗ್ವೆಯ ಮೊದಲ ಹೆಂಡತಿ, ಶೇಕ್ಸ್‌ಪಿಯರ್‌ನ ಹೆಂಡತಿ, ನಮ್ಮ ಕಸ್ತೂರಬಾ. ಇಂಥವನ್ನು ನಾನು ಆಸೆಯಿಂದ ಓದುತ್ತೇನೆ. ಓದುತ್ತ ಓದುತ್ತ ಒಂದು ಮಾತು ನನ್ನಲ್ಲಿ ಗಟ್ಟಿಯಾಗಿದೆ. ಕಾದಂಬರಿಕಾರರಿಗೆ ಇಲ್ಲಿರುವ ಸ್ವಾತಂತ್ರ್ಯ ಎಲ್ಲ ಕಡೆ ಒಂದೇ ಅಳತೆಯದಲ್ಲ. ಆ ಹೆಣ್ಣು ತಾನೇ ಬರೆದಿಟ್ಟು ಹೋಗಿದ್ದರೆ ಅದನ್ನು ಕೇಳಿಸಿಕೊಳ್ಳುವುದು ಮೊದಲ ಕೆಲಸ. ಬರೆದಿಡದಿದ್ದರೆ, ಆಕೆ ಬೆಳಗಿನಿಂದ ರಾತ್ರಿಯವರೆಗೆ ಮಾಡಿದ ಕೆಲಸದಿಂದ ಕಲ್ಪನೆ ಹೊರಡಬೇಕು. ಇವೆರಡನ್ನೂ ಬಿಟ್ಟು, ಗಂಡನ ಕೀರ್ತಿಯಲ್ಲಿ ಒಂದು ಪಾಲು ಕೊಡಿಸಲೆಂದೇ ಹೊರಟ ಕಾದಂಬರಿ ಎಷ್ಟೇ ಕಳಕಳಿಯದಾಗಿರಲಿ, ಆಕೆಯನ್ನು ಇನ್ನೊಮ್ಮೆ ಅವನ ಬೆನ್ನ ಹಿಂದೆಯೇ ನಿಲ್ಲಿಸುತ್ತದೆ.

ಸೋಫಿಯಾಳಿಂದಲೇ ಶುರು ಮಾಡೋಣ. ಹುಟ್ಟಿದ್ದು 1844ರಲ್ಲಿ, ಅರಮನೆಯ ವೈದ್ಯನ ಮಗಳಾಗಿ. 1862ರ ಸೆಪ್ಟೆಂಬರಿನಲ್ಲಿ, ಹದಿನೆಂಟು ತುಂಬಿದ ಹೊಸದರಲ್ಲಿ, ಮೂವತ್ತನಾಲ್ಕರ ಟಾಲ್‌ಸ್ಟಾಯ್ ಮದುವೆಯ ಪ್ರಸ್ತಾಪ ಇಟ್ಟ. ಒಂದೇ ವಾರದಲ್ಲಿ ಮದುವೆ. ಆ ವಾರದೊಳಗೆ ಆತ ತನ್ನ ಹಳೆಯ ದಿನಚರಿಗಳನ್ನೆಲ್ಲ ಆಕೆಯ ಕೈಗಿಟ್ಟ. ಗಂಡಹೆಂಡಿರ ನಡುವೆ ಮುಚ್ಚುಮರೆ ಇರಬಾರದೆಂಬುದು ಆತನ ನಂಬಿಕೆ. ಜೂಜು, ಸೂಳೆಯರ ಸಹವಾಸ, ತನ್ನದೇ ಜಮೀನಿನ ರೈತ ಹೆಂಗಸೊಬ್ಬಳ ಜೊತೆಗಿನ ಸಂಬಂಧ ಎಲ್ಲವೂ ಅದರಲ್ಲಿದ್ದವು. ಹೇಳಿದವನ ಎದೆ ಹಗುರವಾಯಿತು. ಓದಿದವಳು ಜೀವನಪೂರ್ತಿ ಅದನ್ನು ಹೊತ್ತಳು. ಆ ರೈತ ಹೆಂಗಸು ಅದೇ ಊರಿನಲ್ಲಿ, ಯಾಸ್ನಾಯಾ ಪೊಲ್ಯಾನಾದಲ್ಲಿ, ಕಣ್ಣೆದುರಿಗೇ ಇದ್ದಳು.

ಅಲ್ಲಿಂದ ಮುಂದೆ ನಲವತ್ತೆಂಟು ವರ್ಷ. ಹದಿಮೂರು ಹೆರಿಗೆ, ದೊಡ್ಡವರಾಗಿ ಉಳಿದ ಮಕ್ಕಳು ಎಂಟು. ಹಗಲೆಲ್ಲ ಮಕ್ಕಳು, ಆಳುಕಾಳು, ಜಮೀನಿನ ಲೆಕ್ಕ, ಬಂದುಹೋಗುವ ನೆಂಟರು. ರಾತ್ರಿ ಎಲ್ಲರೂ ಮಲಗಿದ ಮೇಲೆ ದೀಪದ ಕೆಳಗೆ ಗಂಡನ ಹಸ್ತಪ್ರತಿ. ಟಾಲ್‌ಸ್ಟಾಯ್‌ನ ಅಕ್ಷರ ಬೇರೆಯವರಿಗೆ ಓದಲು ಬಾರದಷ್ಟು ಗೋಜಲು. ಸಾಲುಗಳ ನಡುವೆ, ಅಂಚಿನಲ್ಲಿ, ಅಡ್ಡಡ್ಡಲಾಗಿ ಎಲ್ಲೆಲ್ಲೂ ತಿದ್ದುಪಡಿ. ಅದನ್ನು ಬಿಡಿಸಿ ಓದಿ ಆಕೆ ಶುದ್ಧಪ್ರತಿ ಮಾಡುತ್ತಿದ್ದಳು. ಮರುದಿನ ಆತ ಆ ಶುದ್ಧಪ್ರತಿಯ ಮೇಲೂ ಗೀಚುತ್ತಿದ್ದ. ಮತ್ತೆ ನಕಲು. ‘ಯುದ್ಧ ಮತ್ತು ಶಾಂತಿ’ಯ ಎಷ್ಟೋ ಭಾಗಗಳು ಹೀಗೆ ಆಕೆಯ ಕೈಯಲ್ಲಿ ಹಲವು ಸಲ ಹಾದುಹೋಗಿವೆ. ಆ ಕಾದಂಬರಿಯ ಗಾತ್ರ ಬಲ್ಲ ಕನ್ನಡದ ಓದುಗರಿಗೆ ಇದು ಎಂಥ ದುಡಿಮೆ ಎಂದು ಬಿಡಿಸಿ ಹೇಳಬೇಕಿಲ್ಲ.

1880ರ ದಶಕದಲ್ಲಿ ಟಾಲ್‌ಸ್ಟಾಯ್ ಆಸ್ತಿ, ಹಣ, ಹಕ್ಕುಸ್ವಾಮ್ಯ ಎಲ್ಲವೂ ಪಾಪ ಎನ್ನತೊಡಗಿದ. ಮನೆ ನಡೆಯಬೇಕಲ್ಲ. ಸೋಫಿಯಾ ಪುಸ್ತಕ ಪ್ರಕಟಣೆಗೆ ಇಳಿದಳು. ಕೆಲಸ ಕಲಿಯಲು ಆಕೆ 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ ಭೇಟಿಯಾದದ್ದು ಇನ್ನೊಬ್ಬ ಹೆಂಗಸನ್ನು: ದಾಸ್ತಯೆವ್‌ಸ್ಕಿಯ ವಿಧವೆ ಆನ್ನಾಳನ್ನು. ಕಾಗದ ಎಲ್ಲಿ ಕೊಳ್ಳಬೇಕು, ಅಂಗಡಿಯವರಿಗೆ ಎಷ್ಟು ಕಮಿಷನ್ ಬಿಡಬೇಕು ಎಂಬುದನ್ನೆಲ್ಲ ಬಲ್ಲವಳು ಆಕೆ. ರಷ್ಯನ್ ಸಾಹಿತ್ಯದ ಚರಿತ್ರೆಯಲ್ಲಿ ನನಗೆ ಬಹಳ ಪ್ರಿಯವಾದ ಘಟನೆ ಇದು. ಟಾಲ್‌ಸ್ಟಾಯ್ ಮತ್ತು ದಾಸ್ತಯೆವ್‌ಸ್ಕಿ ಜೀವಮಾನದಲ್ಲಿ ಒಮ್ಮೆಯೂ ಪರಿಚಯವಾಗಲಿಲ್ಲ. ಅವರ ಹೆಂಡತಿಯರು ಎದುರುಬದುರು ಕೂತು ಪುಸ್ತಕ ಮಾರುವ ಲೆಕ್ಕಾಚಾರ ಮಾತಾಡಿದರು.

‘ಯಾರ ತಪ್ಪು?’ ಹುಟ್ಟಿದ್ದು ಒಂದು ಪೆಟ್ಟಿನಿಂದ. 1889ರಲ್ಲಿ ಟಾಲ್‌ಸ್ಟಾಯ್ ‘ಕ್ರಾಯಿಟ್ಸರ್ ಸೊನಾಟಾ’ ಎಂಬ ನೀಳ್ಗತೆ ಮುಗಿಸಿದ. ರೈಲಿನಲ್ಲಿ ಒಬ್ಬಾತ ಸಹಪ್ರಯಾಣಿಕನಿಗೆ, ತಾನು ಹೊಟ್ಟೆಕಿಚ್ಚಿನಿಂದ ಹೆಂಡತಿಯನ್ನು ಕೊಂದದ್ದನ್ನು ಹೇಳಿಕೊಳ್ಳುತ್ತಾನೆ. ಕಾಮವೇ ಕೇಡು, ಮದುವೆಯೆಂಬುದು ಅದಕ್ಕೆ ಹಾಕಿದ ಮುಸುಕು, ಗಂಡಹೆಂಡಿರೂ ಬ್ರಹ್ಮಚರ್ಯ ಪಾಲಿಸಬೇಕು ಎಂಬುದು ಆತನ ವಾದ. ಟಾಲ್‌ಸ್ಟಾಯ್ ಆಮೇಲೆ ಬೇರೆಯಾಗಿ ಬರೆದು ಅದು ತನ್ನದೇ ವಾದವೆಂದು ಒಪ್ಪಿಕೊಂಡ. ಕಥೆ ಬರೆಯುತ್ತಿದ್ದ ಅವಧಿಯಲ್ಲೇ, 1888ರಲ್ಲಿ, ಸೋಫಿಯಾ ಹದಿಮೂರನೆಯ ಮಗುವನ್ನು ಹೆತ್ತಿದ್ದಳು. ಸೆನ್ಸಾರು ಕಥೆಯನ್ನು ತಡೆಯಿತು, ಕೈಬರಹದ ಪ್ರತಿಗಳು ಮನೆಯಿಂದ ಮನೆಗೆ ಹೋದವು. ಓದಿದವರೆಲ್ಲ ಇದು ಟಾಲ್‌ಸ್ಟಾಯ್ ಮನೆಯ ಕಥೆ ಎಂದುಕೊಂಡರು, ಸೋಫಿಯಾಳನ್ನು ಕನಿಕರದಿಂದ ನೋಡಿದರು.

ಆಗ ಆಕೆ ಮಾಡಿದ್ದು ಯಾರೂ ಊಹಿಸದ ಕೆಲಸ. 1891ರ ಏಪ್ರಿಲಿನಲ್ಲಿ ಜಾರ್ ಮೂರನೆಯ ಅಲೆಕ್ಸಾಂಡರನನ್ನು ಖುದ್ದಾಗಿ ಕಂಡು, ಆ ಕಥೆಯನ್ನು ಗಂಡನ ಕೃತಿಶ್ರೇಣಿಯ ಹದಿಮೂರನೆಯ ಸಂಪುಟದಲ್ಲಿ ಸೇರಿಸಲು ಅನುಮತಿ ತಂದಳು. ಕಥೆ ತನ್ನ ಬಗ್ಗೆಯೇ ಆಗಿದ್ದರೆ ತಾನೇ ಬಂದು ಅದಕ್ಕಾಗಿ ಬೇಡುತ್ತಿದ್ದಳೇ ಎಂದು ಜನ ಯೋಚಿಸಲಿ ಎಂಬುದೂ ಮನಸ್ಸಿನಲ್ಲಿತ್ತು ಎಂದು ದಿನಚರಿಯಲ್ಲಿ ಬರೆದುಕೊಂಡಿದ್ದಾಳೆ. ಅದಾದ ಮೇಲೆ ಕೂತು ಉತ್ತರ ಬರೆದಳು. ಟಾಲ್‌ಸ್ಟಾಯ್‌ನ ಕಥೆಯಲ್ಲಿ ಸತ್ತ ಹೆಂಡತಿಯ ದನಿಯೇ ಇಲ್ಲ. ಕೊಂದವನ ಮಾತೊಂದೇ ನಮಗೆ ಕೇಳುವುದು. ಸೋಫಿಯಾಳ ಕಾದಂಬರಿಯಲ್ಲಿ ಅದೇ ದಾಂಪತ್ಯ ಇನ್ನೊಂದು ಬದಿಯಿಂದ ಕಾಣುತ್ತದೆ. ಆನ್ನಾ ಎಂಬ ಹುಡುಗಿ ಮದುವೆಯಲ್ಲಿ ಮನಸ್ಸಿನ ಒಡನಾಟ ಬಯಸುತ್ತಾಳೆ. ವಯಸ್ಸಿನಲ್ಲಿ ಹಿರಿಯನಾದ ಗಂಡನಿಗೆ ಬೇಕಾದದ್ದು ಅವಳ ಮೈ. ಕೊನೆಗೆ ಇಲ್ಲಿಯೂ ಹೊಟ್ಟೆಕಿಚ್ಚೇ ಅವಳನ್ನು ಕೊಲ್ಲುತ್ತದೆ. ಅಷ್ಟು ಹೊತ್ತಿಗೆ ಓದುಗರಿಗೆ ಅವಳು ಚೆನ್ನಾಗಿ ಪರಿಚಯವಾಗಿರುತ್ತಾಳೆ, ಆ ಸಾವು ಯಾವ ವಾದಕ್ಕೂ ಪುರಾವೆಯಾಗಿ ಬರುವುದಿಲ್ಲ. ಟಾಲ್‌ಸ್ಟಾಯ್‌ನ ಕಸುಬುಗಾರಿಕೆ ಇದರಲ್ಲಿಲ್ಲ, ನಿಜ. ಆದರೆ ಅವನ ಕಥೆ ಬೇಕೆಂದೇ ಬಿಟ್ಟಿದ್ದ ಜಾಗವನ್ನು ಇದು ತುಂಬುತ್ತದೆ. ‘ಪದಗಳಿಲ್ಲದ ಹಾಡು’ ಎಂಬ ಇನ್ನೊಂದು ಕಿರುಕಾದಂಬರಿಯನ್ನೂ ಆಕೆ ಬರೆದಳು. ಅದೂ ಆಕೆ ಬದುಕಿರುವವರೆಗೆ ಅಚ್ಚಾಗಲಿಲ್ಲ.

ಇಷ್ಟೆಲ್ಲ ಬರೆದವಳ ಬಗ್ಗೆ ಬೇರೆಯವರು ಬರೆದ ಕಾದಂಬರಿಗಳಲ್ಲಿ ಹೆಚ್ಚು ಹೆಸರಾದದ್ದು ಜೇ ಪರೀನಿಯ ‘ದಿ ಲಾಸ್ಟ್ ಸ್ಟೇಷನ್’, 1990ರದು. 2009ರಲ್ಲಿ ಸಿನಿಮಾ ಆಗಿ, ಸೋಫಿಯಾಳ ಪಾತ್ರಕ್ಕೆ ಹೆಲೆನ್ ಮಿರೆನ್ ಆಸ್ಕರ್ ನಾಮನಿರ್ದೇಶನ ಪಡೆದರು. ಕಾದಂಬರಿ ನಡೆಯುವುದು 1910ರಲ್ಲಿ, ಟಾಲ್‌ಸ್ಟಾಯ್‌ನ ಕೊನೆಯ ವರ್ಷದಲ್ಲಿ. ಶಿಷ್ಯ ಚೆರ್ಟ್‌ಕೋವ್‌ನ ಒತ್ತಾಸೆಯಿಂದ, ಕೃತಿಗಳ ಹಕ್ಕು ಹೆಂಡತಿಗೆ ಸೇರದಂತೆ ಆ ಜುಲೈಯಲ್ಲಿ ಕಾಡಿನಲ್ಲಿ ಗುಟ್ಟಾಗಿ ಉಯಿಲಿಗೆ ಸಹಿ ಬಿತ್ತು. ಅಕ್ಟೋಬರ್ ಕೊನೆಯ ಒಂದು ನಸುಕಿನಲ್ಲಿ ಎಂಬತ್ತೆರಡರ ಮುದುಕ ಮನೆ ಬಿಟ್ಟ. ತಿಳಿದ ಕೂಡಲೇ ಆಕೆ ಕೊಳಕ್ಕೆ ಹಾರಿದಳು, ಎತ್ತಿ ಉಳಿಸಿದರು. ಅಸ್ತಾಪವಾ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಆತ ಸಾಯುತ್ತಿರುವಾಗ ಆಕೆಯನ್ನು ಒಳಗೆ ಬಿಡಲಿಲ್ಲ. ಕಿಟಕಿಯಲ್ಲಿ ಇಣುಕುತ್ತ ನಿಂತ ಆಕೆಯನ್ನು ಸುದ್ದಿ ಸಿನಿಮಾದವರು ಚಿತ್ರೀಕರಿಸಿಕೊಂಡರು. ಪ್ರಜ್ಞೆ ತಪ್ಪಿದ ಮೇಲಷ್ಟೇ ಹತ್ತಿರ ಹೋಗಲು ಬಿಟ್ಟರು.

ಪರೀನಿ ಈ ಕಥೆಯನ್ನು ಸೋಫಿಯಾ, ವೈದ್ಯ, ಕಾರ್ಯದರ್ಶಿ, ಮಗಳು, ಶಿಷ್ಯ ಹೀಗೆ ಹಲವರ ಬಾಯಲ್ಲಿ ಹೇಳಿಸುತ್ತಾರೆ. ಸೋಫಿಯಾಳ ದನಿಗೆ ಅದರಲ್ಲಿ ನ್ಯಾಯವಾದ ಜಾಗವಿದೆ. ನನ್ನ ತಕರಾರು ಕಾಲದ ಬಗ್ಗೆ. ನಲವತ್ತೆಂಟು ವರ್ಷದ ದಾಂಪತ್ಯದಲ್ಲಿ ಕಾದಂಬರಿ ಆರಿಸಿಕೊಂಡದ್ದು ಕೊನೆಯ ಕೆಲವು ತಿಂಗಳನ್ನು, ಆಕೆ ಅತಿ ಹೆಚ್ಚು ಕಂಗೆಟ್ಟು ಬಾಗಿಲ ಸಂದಿಯಲ್ಲಿ ಕದ್ದು ಕೇಳುತ್ತಿದ್ದ ದಿನಗಳನ್ನು. ಏಕೆಂದರೆ ಟಾಲ್‌ಸ್ಟಾಯ್‌ನ ಬದುಕಿನಲ್ಲಿ ನಾಟಕ ಇರುವುದು ಅಲ್ಲಿ. ಸೋಫಿಯಾಳ ಬದುಕಿನ ನಾಟಕ ಇರುವುದು 1860ರ ದಶಕದ ದೀಪದ ಬೆಳಕಿನಲ್ಲಿ, 1891ರ ಅರಮನೆಯ ಭೇಟಿಯಲ್ಲಿ, 1895ರಲ್ಲಿ ಕೊನೆಯ ಮಗ ವಾನ್ಯಾ ಏಳು ತುಂಬುವ ಮೊದಲೇ ತೀರಿಕೊಂಡ ಮನೆಯಲ್ಲಿ. ಗಂಡನ ಜೀವನದ ಕ್ಯಾಲೆಂಡರು ಹಿಡಿದು ಹೆಂಡತಿಯ ಕಥೆ ಬರೆದರೆ ಅದು ಅರ್ಧವೇ ಆಗುತ್ತದೆ.

ದಾಸ್ತಯೆವ್‌ಸ್ಕಿಯ ಹೆಂಡತಿ ಆನ್ನಾಳಿಗೂ ಒಂದು ಕಾದಂಬರಿ ಸಿಕ್ಕಿದೆ, ಅದೂ ನಮ್ಮ ನೆರೆಯಲ್ಲಿ. ಮಲಯಾಳದಲ್ಲಿ ಪೆರುಂಬಡವಂ ಶ್ರೀಧರನ್ ಬರೆದ ‘ಒರು ಸಂಕೀರ್ತನಂ ಪೋಲೆ’. 1993ರಲ್ಲಿ ಬಂದು, 1996ರಲ್ಲಿ ವಯಲಾರ್ ಪ್ರಶಸ್ತಿ ಪಡೆದು, ನೂರಕ್ಕೂ ಹೆಚ್ಚು ಮುದ್ರಣ ಕಂಡಿದೆ. 1866ರ ಅಕ್ಟೋಬರಿನಲ್ಲಿ ಸಾಲದಲ್ಲಿ ಮುಳುಗಿದ್ದ ದಾಸ್ತಯೆವ್‌ಸ್ಕಿ ತಿಂಗಳೊಳಗೆ ಹೊಸ ಕಾದಂಬರಿ ಕೊಡದಿದ್ದರೆ ಅವನ ಕೃತಿಗಳ ಹಕ್ಕು ಒಂಬತ್ತು ವರ್ಷ ಪ್ರಕಾಶಕನ ಪಾಲಾಗಬೇಕಿತ್ತು. ಶೀಘ್ರಲಿಪಿ ಕಲಿತ ಇಪ್ಪತ್ತರ ಹುಡುಗಿ ಆನ್ನಾ ಬಂದಳು. ಆತ ಹೇಳುತ್ತ ಹೋದ, ಆಕೆ ಬರೆದುಕೊಂಡು ರಾತ್ರಿ ಮನೆಯಲ್ಲಿ ಬಿಡಿಸಿ ಬರೆದು ತಂದಳು. ಇಪ್ಪತ್ತಾರು ದಿನಗಳಲ್ಲಿ ‘ಜೂಜುಕೋರ’ ಮುಗಿಯಿತು. ಕೆಲವೇ ತಿಂಗಳಲ್ಲಿ ಮದುವೆಯೂ ಆಯಿತು. ಪೆರುಂಬಡವಂ ಆ ದಿನಗಳನ್ನು ಭಕ್ತಿಯಿಂದ ಬರೆದಿದ್ದಾರೆ. ಕೇರಳದ ಓದುಗರು ಆ ಭಕ್ತಿಗೆ ಮನಸೋತಿದ್ದಾರೆ. ಅಲ್ಲಿ ಆನ್ನಾ ಮುಖ್ಯವಾಗಿ ಒಬ್ಬ ನೊಂದ ಪ್ರತಿಭಾವಂತನನ್ನು ಕಾಯುವವಳು. ನನ್ನ ಕುತೂಹಲ ಇಪ್ಪತ್ತೇಳನೆಯ ದಿನದಿಂದಾಚೆಗಿನ ಆನ್ನಾಳ ಮೇಲೆ. ಮದುವೆಯಾದ ವರ್ಷವೇ ವಿದೇಶದಲ್ಲಿ, ಗಂಡ ರೂಲೆಟ್ ಮೇಜಿನ ಮುಂದೆ ಇದ್ದಬದ್ದದ್ದನ್ನೆಲ್ಲ ಕಳೆಯುತ್ತಿದ್ದಾಗ, ಬೇರೆಯವರಿಗೆ ಓದಲಾಗದ ಶೀಘ್ರಲಿಪಿಯಲ್ಲಿ ದಿನಚರಿ ಬರೆದವಳು ಆಕೆ. ಸಾಲಗಾರರನ್ನು ಎದುರಿಸಿದವಳು, 1873ರಲ್ಲಿ ಗಂಡನ ಕಾದಂಬರಿಯನ್ನು ಮನೆಯಿಂದಲೇ ಪ್ರಕಟಿಸಿ ಮಾರಿದವಳು. ಅವಳಿಗೆ ಕಾದಂಬರಿ ಬೇಕು.

ಮರೆತ ಹೆಣ್ಣಿನ ಕಡೆ ತಿರುಗಿ ನೋಡುವ ಆಸೆ ನಮ್ಮಲ್ಲಿ ಹೊಸದೇನಲ್ಲ. ಕಾವ್ಯಗಳು ಉಪೇಕ್ಷಿಸಿದ ಹೆಣ್ಣುಗಳ ಬಗ್ಗೆ, ಅವರಲ್ಲೂ ಊರ್ಮಿಳೆಯ ಬಗ್ಗೆ, ಟಾಗೋರರು ಬರೆದ ಬಂಗಾಳಿ ಪ್ರಬಂಧ 1907ರ ‘ಪ್ರಾಚೀನ ಸಾಹಿತ್ಯ’ ಪುಸ್ತಕದಲ್ಲಿದೆ. ಹಿಂದಿಯಲ್ಲಿ ಮೈಥಿಲೀಶರಣ ಗುಪ್ತರು ಊರ್ಮಿಳೆಗೂ ಯಶೋಧರೆಗೂ ಕಾವ್ಯ ಬರೆದರು. ನಮ್ಮ ಮಾಸ್ತಿ ‘ಯಶೋಧರಾ’ ನಾಟಕ ಬರೆದರು, ಕುವೆಂಪು ತಮ್ಮ ರಾಮಾಯಣದಲ್ಲಿ ಊರ್ಮಿಳೆಯನ್ನು ತಪಸ್ವಿನಿಯಾಗಿಸಿದರು. ಪುರಾಣದ ಹೆಣ್ಣಿಗೆ ಕವಿ ಏನು ಕೊಟ್ಟರೂ ಸಲ್ಲುತ್ತದೆ. ನಿನ್ನೆ ಮೊನ್ನೆ ಬದುಕಿ ಹೋದವರ ವಿಷಯ ಹಾಗಲ್ಲ, ಅವರು ನಿಜವಾಗಿ ಆಡಿದ ಮಾತು ಎಲ್ಲೋ ಇರುತ್ತದೆ. ಕಸ್ತೂರಬಾ ಕುರಿತು ಬರೆಯುವವರ ಕಷ್ಟ ಇರುವುದು ಅಲ್ಲೇ.

ಟಾಲ್‌ಸ್ಟಾಯ್‌ಗೆ ಗಾಂಧಿ 1909ರ ಅಕ್ಟೋಬರಿನಲ್ಲಿ ಮೊದಲ ಪತ್ರ ಬರೆದರು. 1910ರ ಸೆಪ್ಟೆಂಬರಿನಲ್ಲಿ, ಮನೆ ಬಿಡುವ ಎರಡು ತಿಂಗಳ ಮುಂಚೆ, ಟಾಲ್‌ಸ್ಟಾಯ್ ಗಾಂಧಿಗೆ ಪ್ರೇಮವೇ ಬದುಕಿನ ನಿಯಮ ಎಂದು ದೀರ್ಘವಾಗಿ ಬರೆದ. ಅದೇ ವರ್ಷ ಜೋಹಾನ್ಸ್‌ಬರ್ಗಿನ ಹತ್ತಿರ ಗಾಂಧಿಯ ಗೆಳೆಯ ಕಲೆನ್‌ಬಾಕ್ ಕೊಟ್ಟ 1,100 ಎಕರೆಯಲ್ಲಿ ‘ಟಾಲ್‌ಸ್ಟಾಯ್ ಫಾರ್ಮ್’ ಎದ್ದಿತು. ಗಾಂಧಿ–ಟಾಲ್‌ಸ್ಟಾಯ್ ಸ್ನೇಹದ ಬಗ್ಗೆ ಪುಸ್ತಕಗಳೇ ಇವೆ. ಅದೇ ಹೊತ್ತಿನಲ್ಲಿ ಎರಡು ಮನೆಗಳಲ್ಲಿ ಇಬ್ಬರು ಹೆಂಗಸರು ಒಂದೇ ಪ್ರಶ್ನೆಯ ಮುಂದೆ ನಿಂತಿದ್ದರು ಎಂಬುದನ್ನು ಗಮನಿಸಿದವರು ಕಡಿಮೆ. ಆಸ್ತಿ ಬೇಡ, ಒಡವೆ ಬೇಡ, ದಾಂಪತ್ಯದಲ್ಲೂ ಬ್ರಹ್ಮಚರ್ಯ ಬೇಕು ಎಂದು ಗಂಡ ತೀರ್ಮಾನಿಸಿದ ಮೇಲೆ, ಹೆಂಡತಿ ಏನು ಮಾಡಬೇಕು? ಗಾಂಧಿ ಬ್ರಹ್ಮಚರ್ಯದ ವ್ರತ ತೊಟ್ಟದ್ದು 1906ರಲ್ಲಿ, ಇಬ್ಬರಿಗೂ ಮೂವತ್ತೇಳು ನಡೆಯುತ್ತಿದ್ದಾಗ. ವ್ರತ ತೊಡುವ ಹೊತ್ತಿಗಷ್ಟೇ ಹೆಂಡತಿಯನ್ನು ಕೇಳಿದೆ, ಆಕೆಯ ಅಡ್ಡಿಯಿರಲಿಲ್ಲ ಎಂದು ಆತ್ಮಕಥೆಯಲ್ಲಿ ಚುಟುಕಾಗಿ ಹೇಳಿ ಮುಂದೆ ಹೋಗುತ್ತಾರೆ. ಸೋಫಿಯಾ ಆ ಪ್ರಶ್ನೆಗೆ ಒಂದು ಕಾದಂಬರಿಯಷ್ಟು ಉತ್ತರ ಬರೆದಳು. ಕಸ್ತೂರಬಾರ ಉತ್ತರವಾಗಿ ನಮಗೆ ಉಳಿದಿರುವುದು ಗಂಡ ಬರೆದ ಆ ಚುಟುಕು ಮಾತು.

1869ರ ಏಪ್ರಿಲಿನಲ್ಲಿ ಪೋರಬಂದರಿನ ವ್ಯಾಪಾರಿ ಗೋಕುಲದಾಸ ಮಕನ್‌ಜೀ ಮನೆಯಲ್ಲಿ ಹುಟ್ಟಿ, ಹದಿಮೂರು ಹದಿನಾಲ್ಕರ ಹೊತ್ತಿಗೆ ಮದುವೆಯಾದ ಕಸ್ತೂರ್‌ಗೆ ಶಾಲೆ ಸಿಗಲಿಲ್ಲ. ಆಕೆಯ ಬಗ್ಗೆ ನಮಗೆ ಗೊತ್ತಿರುವುದರ ಬಹುಪಾಲು ಗಾಂಧಿಯ ಬರವಣಿಗೆಯಿಂದ ಬಂದದ್ದು. ಗಂಡನೇ ಹೇಳಿದ ಕಥೆಯಲ್ಲಿ ಹೆಂಡತಿಯ ದನಿ ಹುಡುಕುವುದು ಹೇಗೆ ಎಂದು ಕೇಳಬಹುದು. ಹುಡುಕಿದರೆ ಸಿಗುತ್ತದೆ. ಗೊರೂರರ ಅನುವಾದದಲ್ಲಿ ಕನ್ನಡದವರು ಓದಿದ ಆ ಆತ್ಮಕಥೆಯಲ್ಲೇ ಎರಡು ಜಗಳಗಳಿವೆ. ಮೊದಲನೆಯದು 1898ರದು, ಡರ್ಬನ್ ಮನೆಯಲ್ಲಿ. ಮನೆಯಲ್ಲಿ ತಂಗಿದ್ದ ಗುಮಾಸ್ತನ ಶೌಚದ ಪಾತ್ರೆ ಎತ್ತುವ ವಿಷಯಕ್ಕೆ ಗಂಡ ಸಿಟ್ಟಾಗಿ ಕೈಹಿಡಿದೆಳೆದು ಗೇಟಿನವರೆಗೆ ತಂದಾಗ, ಈ ಪರದೇಶದಲ್ಲಿ ನಾನು ಎಲ್ಲಿಗೆ ಹೋಗಲಿ, ನಿಮಗೆ ನಾಚಿಕೆ ಬೇಡವೇ ಎಂದು ಅಳುತ್ತಲೇ ಆಕೆ ತಿರುಗಿಬೀಳುತ್ತಾರೆ. ಇದನ್ನು ಎಲ್ಲರೂ ನೆನೆಯುತ್ತಾರೆ.

ನನ್ನನ್ನು ಹೆಚ್ಚು ತಡೆದು ನಿಲ್ಲಿಸುವುದು ಎರಡನೆಯದು. 1901ರಲ್ಲಿ ದಕ್ಷಿಣ ಆಫ್ರಿಕಾದಿಂದ ಭಾರತಕ್ಕೆ ಹೊರಟಾಗ ಅಲ್ಲಿನ ಭಾರತೀಯರು ಕೊಟ್ಟ ಉಡುಗೊರೆಗಳಲ್ಲಿ ಕಸ್ತೂರಬಾಗೆಂದೇ ಕೊಟ್ಟ ಐವತ್ತು ಗಿನಿಯ ಚಿನ್ನದ ಹಾರವಿತ್ತು. ಎಲ್ಲವನ್ನೂ ಸಾರ್ವಜನಿಕ ಟ್ರಸ್ಟಿಗೆ ಕೊಡುವುದೆಂದು ಗಾಂಧಿ ನಿಶ್ಚಯಿಸಿ, ಮಕ್ಕಳನ್ನು ಮೊದಲು ಒಪ್ಪಿಸಿ, ಆಮೇಲೆ ಹೆಂಡತಿಯ ಬಳಿ ಬಂದರು. ಹಾರ ಕೊಟ್ಟದ್ದು ನಿನ್ನ ಸೇವೆಗೋ ನನ್ನ ಸೇವೆಗೋ ಎಂದು ವಕೀಲರಂತೆ ಕೇಳಿದರು. ಆಕೆಯ ಉತ್ತರದ ಸಾರ ಇಷ್ಟು: ನೀವು ಮಾಡಿದ ಸೇವೆ ನಾನು ಮಾಡಿದ್ದೂ ಹೌದು, ಹಗಲುರಾತ್ರಿ ನಿಮಗಾಗಿ ದುಡಿದೆ, ಕಂಡಕಂಡವರನ್ನೆಲ್ಲ ಮನೆಗೆ ತಂದಿರಿ, ಅವರ ಚಾಕರಿ ನಾನು ಮಾಡಲಿಲ್ಲವೇ, ಅದು ಸೇವೆಯಲ್ಲವೇ? ಮನೆಗೆಲಸದ ಬೆಲೆಯ ಬಗ್ಗೆ ಆಮೇಲೆ ಬಂದ ಎಷ್ಟೋ ಚರ್ಚೆಗಳ ತಿರುಳು ಓದು ಕಲಿಯದ ಒಬ್ಬ ಗೃಹಿಣಿಯ ಬಾಯಲ್ಲಿ ಅಂದೇ ಬಂದಿತ್ತು. ಗಾಂಧಿ ಆ ಮಾತು ಚುಚ್ಚಿತೆಂದು ಒಪ್ಪಿಕೊಳ್ಳುತ್ತಾರೆ, ಆದರೂ ಹಾರ ಹಿಂದಿರುಗಿಸುತ್ತಾರೆ. ಸೋತವರ ವಾದವನ್ನು ಇಷ್ಟು ಚೊಕ್ಕವಾಗಿ ದಾಖಲಿಸಿದ್ದು ಅವರ ಪ್ರಾಮಾಣಿಕತೆ. ಅದನ್ನು ಆಡಿದ್ದು ಮಾತ್ರ ಕಸ್ತೂರಬಾ.

ಕನ್ನಡದಲ್ಲಿ ಬರಗೂರು ರಾಮಚಂದ್ರಪ್ಪನವರು ಕಸ್ತೂರಬಾ ಮತ್ತು ಗಾಂಧಿಯನ್ನು ಎದುರುಬದುರು ನಿಲ್ಲಿಸಿ ಕಾದಂಬರಿ ಬರೆದು, ಅದನ್ನು ‘ತಾಯಿ ಕಸ್ತೂರ್ ಗಾಂಧಿ’ ಎಂದು ಸಿನಿಮಾ ಮಾಡಿದರು. ಇಂಗ್ಲಿಷಿನಲ್ಲಿ ನೀಲಿಮಾ ಡಾಲ್ಮಿಯಾ ಅಧರ್ 2016ರಲ್ಲಿ ‘ದಿ ಸೀಕ್ರೆಟ್ ಡೈರಿ ಆಫ್ ಕಸ್ತೂರಬಾ’ ಬರೆದರು, ಕಸ್ತೂರಬಾ ತಾವೇ ಬರೆದುಕೊಂಡ ಗುಪ್ತ ದಿನಚರಿ ಎಂಬ ಕಲ್ಪನೆಯಲ್ಲಿ. ಗಂಡನ ಮೇಲಿನ ಸಿಟ್ಟು, ಮಗ ಹರಿಲಾಲನ ಸಂಕಟ ಎಲ್ಲ ಅದರಲ್ಲಿ ಹರಿಯುತ್ತವೆ. ಆಮೇಲೆ ನಡೆದದ್ದು ಯಾವ ಕಾದಂಬರಿಕಾರರಿಗೂ ಹೊಳೆಯುತ್ತಿರಲಿಲ್ಲ. ಕಸ್ತೂರಬಾ ನಿಜವಾಗಿ ಬರೆದ ದಿನಚರಿಯೇ ಸಿಕ್ಕಿತು! 1933ರ ಜನವರಿಯಿಂದ ಸೆಪ್ಟೆಂಬರಿನವರೆಗಿನದು, ಗುಜರಾತಿಯಲ್ಲಿ. ಮರಿಮಗ ತುಷಾರ್ ಗಾಂಧಿ ಅದನ್ನು 2022ರಲ್ಲಿ ಪುಸ್ತಕವಾಗಿ ತಂದರು. ಅಕ್ಷರವೇ ಬಾರದವರೆಂದು ಲೋಕ ನಂಬಿದ್ದವರು ಅರವತ್ತನಾಲ್ಕರ ಹತ್ತಿರ ದಿನದಿನವೂ ಬರೆಯುತ್ತಿದ್ದರು. ಅದರಲ್ಲಿ ಗುಟ್ಟುಗಳಿಲ್ಲ, ದೂರುಗಳ ಪಟ್ಟಿ ಇಲ್ಲ. ಪ್ರಾರ್ಥನೆ, ಚರಕ, ಬಂದವರು ಹೋದವರು, ನಿತ್ಯದ ಸಣ್ಣಪುಟ್ಟ ಕೆಲಸ. ಕಲ್ಪಿತ ದಿನಚರಿಯ ಕಾವು ನಿರೀಕ್ಷಿಸಿದವರಿಗೆ ಇದು ಸಪ್ಪೆ ಎನಿಸಬಹುದು. ನನಗೆ ಇದು ಹೆಚ್ಚು ತೂಕದ್ದು. ಗಂಡನೊಡನೆ ತಮ್ಮ ಲೆಕ್ಕ ಚುಕ್ತಾ ಮಾಡಲು ಅವರು ಬರೆಯಲಿಲ್ಲ. ತಮ್ಮ ದಿನವನ್ನು ತಮಗಾಗಿ ಬರೆದುಕೊಂಡರು. ಅವರ ಬಗ್ಗೆ ಇನ್ನು ಯಾರೇ ಕಾದಂಬರಿ ಬರೆಯಲಿ, ಈ ದಿನಚರಿಯ ದನಿಯನ್ನು ದಾಟಿ ಬರೆಯಲಾಗದು.

ಗಾಂಧಿ ದಂಪತಿಯ ಜೊತೆ ಸೆರೆಯಲ್ಲಿದ್ದ ಸುಶೀಲಾ ನಯ್ಯರ್ ತಮ್ಮ ನೆನಪಿನ ಪುಸ್ತಕದಲ್ಲಿ ಆಗಾಖಾನ್ ಅರಮನೆಯ ಆ ಸೆರೆವಾಸದ ಒಂದು ಸಂಗತಿ ಹೇಳುತ್ತಾರೆ. ಎಪ್ಪತ್ತಮೂರು ದಾಟಿದ ಬಾಗೆ, ಎಂದರೆ ಕಸ್ತೂರಬಾಗೆ, ಗಾಂಧಿ ಭೂಗೋಳ, ಗುಜರಾತಿ ಎಲ್ಲ ಪಾಠ ಹೇಳುತ್ತಿದ್ದರು. ಬಾ ಬರೆಯಲು ಒಂದು ನೋಟ್‌ಬುಕ್ ಕೇಳಿದರು. ಅಕ್ಷರ ಸುಧಾರಿಸುವವರೆಗೆ ಬಿಡಿ ಹಾಳೆ ಸಾಕೆಂದರು ಗಾಂಧಿ. ಬಾಗೆ ನೋವಾಯಿತು. ಆಮೇಲೆ ನೋಟ್‌ಬುಕ್ ಬಂದಾಗ ಅದರಲ್ಲಿ ಬರೆಯಲಿಲ್ಲ. ಒಂಬತ್ತು ವರ್ಷ ಹಿಂದೆ ದಿನಚರಿ ಇಟ್ಟಿದ್ದ ಕೈ ಅದು ಎಂದು ಈಗ ತಿಳಿದ ಮೇಲೆ ಆ ನೋವಿನ ಆಳ ಇನ್ನಷ್ಟು ಕಾಣುತ್ತದೆ.

ದಾಖಲೆ ಹೆಚ್ಚೇನೂ ಇಲ್ಲದ ಕಡೆ ಏನು ಮಾಡಬೇಕೆಂಬುದಕ್ಕೆ ಒಳ್ಳೆಯ ಉದಾಹರಣೆ ಮ್ಯಾಗಿ ಓಫ್ಯಾರೆಲ್ ಅವರ ‘ಹ್ಯಾಮ್ನೆಟ್’, 2020ರದು. ಶೇಕ್ಸ್‌ಪಿಯರ್‌ನ ಹೆಂಡತಿ ಆನ್ ಹ್ಯಾಥವೇ ಬಗ್ಗೆ ಇರುವುದು ಚರ್ಚಿನ ದಾಖಲೆಯ ಕೆಲವು ಸಾಲು, ಜೊತೆಗೆ ಗಂಡ ಉಯಿಲಿನಲ್ಲಿ ಬರೆದ ‘ಎರಡನೆಯ ಒಳ್ಳೆಯ ಮಂಚ’. ಆಕೆಯ ತಂದೆಯ ಉಯಿಲಿನಲ್ಲಿ ಮಗಳ ಹೆಸರು ಆಗ್ನೆಸ್ ಎಂದಿದೆ. ಕಾದಂಬರಿ ಆ ಹೆಸರನ್ನೇ ಹಿಡಿದಿದೆ. ಗಂಡನ ಹೆಸರನ್ನು ಇಡೀ ಪುಸ್ತಕದಲ್ಲಿ ಎಲ್ಲೂ ಹೇಳುವುದಿಲ್ಲ. 1596ರಲ್ಲಿ ಹನ್ನೊಂದರ ಮಗ ತೀರಿಕೊಂಡಾಗ ಆತ ಲಂಡನ್ನಿನ ನಾಟಕದವನು, ಅಷ್ಟೇ. ಆಗ್ನೆಸ್‌ಳ ಗಿಡಮೂಲಿಕೆ, ಜೇನು, ಜ್ವರ ಬಂದ ಮಗುವಿನ ಪಕ್ಕದ ಒದ್ದಾಟ ಪುಟಪುಟದಲ್ಲೂ ತುಂಬಿವೆ. ಅವಳೇ ‘ಹ್ಯಾಮ್ಲೆಟ್’ ಬರೆದಳೆಂದು ಸಾಧಿಸಲು ಕಾದಂಬರಿ ಹೋಗುವುದಿಲ್ಲ.

ಮಾರೀ ಬೆನೆಡಿಕ್ಟ್ ಅವರ ‘ದಿ ಅದರ್ ಐನ್‌ಸ್ಟೈನ್’ ಹೋಗುವುದು ಆ ದಾರಿಯಲ್ಲೇ. ಸಾಪೇಕ್ಷತೆಯ ಕಲ್ಪನೆ ಮಿಲೇವಾ ಮಾರಿಚ್‌ಳದು ಎಂದು 2016ರ ಆ ಕಾದಂಬರಿ ಹೇಳುತ್ತದೆ. ಅದಕ್ಕೆ ಆಧಾರವಿಲ್ಲವೆಂಬುದು ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. ನನ್ನ ಬೇಸರಕ್ಕೆ ಕಾರಣ ಆಧಾರದ ಕೊರತೆಯೊಂದೇ ಅಲ್ಲ. ಹೆಣ್ಣುಮಕ್ಕಳಿಗೆ ಬಾಗಿಲು ಅಪರೂಪವಾಗಿ ತೆರೆಯುತ್ತಿದ್ದ ಕಾಲದಲ್ಲಿ ಸರ್ಬಿಯನ್ ಕುಟುಂಬದ ಹುಡುಗಿಯೊಬ್ಬಳು ಜ್ಯೂರಿಕ್‌ನ ಪಾಲಿಟೆಕ್ನಿಕ್ ಸೇರಿ ಭೌತಶಾಸ್ತ್ರ ಓದಿದಳು. 1901ರಲ್ಲಿ ಬಸುರಿಯಾಗಿ ಎರಡನೆಯ ಸಲ ಪರೀಕ್ಷೆಗೆ ಕೂತು ನಪಾಸಾದಳು. ಮದುವೆಗೆ ಮುಂಚೆ ಹುಟ್ಟಿದ ಮಗಳ ಸುಳಿವೇ ಚರಿತ್ರೆಯಲ್ಲಿ ಅಳಿಸಿಹೋಗಿದೆ. ವಿಚ್ಛೇದನದ ನಂತರ, ಮನೋರೋಗಿಯಾದ ಕಿರಿಯ ಮಗನನ್ನು 1948ರಲ್ಲಿ ತಾನು ಸಾಯುವವರೆಗೂ ನೋಡಿಕೊಂಡಳು. ಈ ಬದುಕು ತನ್ನಷ್ಟಕ್ಕೇ ಒಂದು ಮಹಾಕಾದಂಬರಿಗೆ ಸಾಲದೇ? ಸಮೀಕರಣ ಅವಳದ್ದಾಗಿದ್ದರೆ ಮಾತ್ರ ಅವಳು ಮುಖ್ಯ ಎನ್ನುವುದಾದರೆ, ನಪಾಸಾದ ಆ ಹುಡುಗಿಯನ್ನು ನಾವೂ ಕೈಬಿಟ್ಟಂತೆ.

ಕಸ್ತೂರಬಾ ಬಗ್ಗೆ ಬರೆಯದೆ ಉಳಿದದ್ದು ಇನ್ನೂ ಬಹಳವಿದೆ. 1913ರ ಮಾರ್ಚಿನಲ್ಲಿ ದಕ್ಷಿಣ ಆಫ್ರಿಕಾದ ನ್ಯಾಯಾಧೀಶ ಸರ್ಲ್ ನೀಡಿದ ತೀರ್ಪು, ಕ್ರೈಸ್ತ ವಿಧಿಯಲ್ಲಿ ನಡೆಯದ ಮದುವೆಗಳಿಗೆ ಕಾನೂನಿನ ಮಾನ್ಯತೆ ಇಲ್ಲವೆಂದಿತು. ಮೂವತ್ತು ವರ್ಷ ಸಂಸಾರ ಮಾಡಿದವರು ಒಂದೇ ದಿನದಲ್ಲಿ ಹೆಂಡತಿಯೇ ಅಲ್ಲವೆಂದಾಯಿತು. ಗಾಂಧಿ ಬೇರೆ ಹೆಂಗಸರ ಜೊತೆ ಸತ್ಯಾಗ್ರಹದ ಮಾತಾಡುವುದು ಕಿವಿಗೆ ಬಿದ್ದು, ನನಗೇಕೆ ಹೇಳಲಿಲ್ಲ, ಜೈಲಿಗೆ ಹೋಗಲು ನನ್ನಲ್ಲಿ ಏನು ಕೊರತೆ ಎಂದು ಕಸ್ತೂರಬಾ ಕೇಳಿದ್ದನ್ನು ಗಾಂಧಿಯೇ ದಾಖಲಿಸಿದ್ದಾರೆ. ಸೆಪ್ಟೆಂಬರಿನಲ್ಲಿ ಫೀನಿಕ್ಸ್ ಆಶ್ರಮದ ಹದಿನಾರು ಜನರ ತಂಡದಲ್ಲಿ ಹೊರಟು, ಗಡಿ ದಾಟಿ, ಫೋಕ್ಸ್‌ರಸ್ಟ್‌ನಲ್ಲಿ ಬಂಧನಕ್ಕೊಳಗಾಗಿ, ಮೂರು ತಿಂಗಳ ಕಠಿಣ ಶಿಕ್ಷೆ ಪಡೆದರು. ಮ್ಯಾರಿಟ್ಸ್‌ಬರ್ಗ್ ಜೈಲಿನಿಂದ ಹೊರಬಂದಾಗ ಮೂಳೆ ಚಕ್ಕಳವಾಗಿದ್ದರು. ಆ ಮೂರು ತಿಂಗಳು ಗಾಂಧಿ ಪಕ್ಕದಲ್ಲಿರಲಿಲ್ಲ, ಹಾಗಾಗಿ ಅವರ ಬರಹದ ಬೆಳಕೂ ಅಲ್ಲಿಗೆ ಮುಟ್ಟುವುದಿಲ್ಲ. ಕನ್ನಡದ ಕಾದಂಬರಿಕಾರರೊಬ್ಬರು ಆ ಜೈಲಿನೊಳಗೆ ಹೋಗಲಿ ಎಂದು ನನ್ನಾಸೆ. ಜೊತೆಯಲ್ಲಿದ್ದ ಹೆಂಗಸರು, ಕೊಟ್ಟ ಊಟ, ಮಾಡಿಸಿದ ಕೆಲಸ, ರಾತ್ರಿ ಆಡಿಕೊಂಡ ಮಾತು, ಇವಿಷ್ಟೇ ಒಂದು ಪುಸ್ತಕಕ್ಕೆ ಸಾಕು.

ಸೋಫಿಯಾಳ ವಿಷಯದಲ್ಲಿ ನಾವು ಮಾಡಬೇಕಾದ ಕೆಲಸ ಬೇರೆ. ದೇಜಗೌ ಅವರಿಂದ ಓ.ಎಲ್. ನಾಗಭೂಷಣ ಸ್ವಾಮಿಯವರವರೆಗೆ ಟಾಲ್‌ಸ್ಟಾಯ್‌ನನ್ನು ಕನ್ನಡಕ್ಕೆ ತಂದವರ ಶ್ರಮ ದೊಡ್ಡದು. ‘ಕ್ರಾಯಿಟ್ಸರ್ ಸೊನಾಟಾ’ವನ್ನು ಮೆಚ್ಚಿ ಓದುವ ನಾವು ಅದರ ಪಕ್ಕದಲ್ಲೇ ‘ಯಾರ ತಪ್ಪು?’ ಇಟ್ಟು ಓದುವಂತಾಗಬೇಕು. ಎರಡು ಕಥೆಗಳನ್ನೂ ಒಂದೇ ರಟ್ಟಿನೊಳಗೆ, ಒಂದಾದ ಮೇಲೊಂದು ಕೊಡುವ ಅನುವಾದಕರು ಮತ್ತು ಪ್ರಕಾಶಕರು ಮುಂದೆ ಬರಲಿ.